ಅಂಗಡಿಯ ಲೆಕ್ಕ, ಬೇರೆಯವರ ಕೋಡ್

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಮೈಸೂರಿನ ಸಂತೆಪೇಟೆಯಲ್ಲಿ ನಮ್ಮ ಚಿಕ್ಕಪ್ಪನ ದಿನಸಿ ಅಂಗಡಿ ಇದೆ. ಅಲ್ಲಿದ್ದ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ವ್ಯಾಟ್ ಬಿಟ್ಟು ಬೇರೆ ತೆರಿಗೆ ಗೊತ್ತಿರಲಿಲ್ಲ. ಅದನ್ನು ಮಾರಿದ್ದ ಸಣ್ಣ ಕಂಪನಿ ಅಷ್ಟರಲ್ಲಿ ಬಾಗಿಲು ಹಾಕಿತ್ತು. ವರ್ಷಗಳ ಲೆಕ್ಕ, ಗಿರಾಕಿಗಳ ಬಾಕಿ ಎಲ್ಲಾ ಅದರೊಳಗೇ. ಪರಿಚಯದ ಹುಡುಗನೊಬ್ಬ ಬಂದು ನೋಡಿದ. 'ಸೋರ್ಸ್ ಕೋಡ್ ಇದ್ದಿದ್ರೆ ಸರಿಮಾಡಿ ಕೊಡ್ತಿದ್ದೆ ಅಣ್ಣಾ' ಅಂದ. ಪ್ರೋಗ್ರಾಮರ್‌ಗಳು ಬರೆದ ಮೂಲ ಸಾಲುಗಳೇ ಆ ಕೋಡ್, ಅದಿಲ್ಲದೆ ಸಾಫ್ಟ್‌ವೇರ್ ತಿದ್ದಲಾಗದು. ಅದನ್ನು ಎಲ್ಲಿಂದ ತರೋದು? ಚಿಕ್ಕಪ್ಪ, ಚಿಕ್ಕಮ್ಮ ರಾತ್ರಿ ಕೂತು ಬಾಕಿ ಪಟ್ಟಿಯನ್ನು ಕೈಯಲ್ಲೇ ಬರೆದುಕೊಂಡರು.

ದುಡ್ಡಿಗೆ ಮಾರುವ ಸಾಫ್ಟ್‌ವೇರ್‌ನ ಕೋಡನ್ನು ಕಂಪನಿ ಎಲ್ಲರಿಗೂ ಬಿಟ್ಟುಕೊಡಬೇಕಾ ಎಂಬ ಮಾತು ಬಂದಾಗೆಲ್ಲ ನನಗೆ ಆ ರಾತ್ರಿಗಳು ನೆನಪಾಗುತ್ತವೆ.

ಮೊದಲು ಈ ಪ್ರಶ್ನೆಯೇ ಇರಲಿಲ್ಲ. ಕಂಪ್ಯೂಟರ್ ಕೊಂಡವರಿಗೆ ಸಾಫ್ಟ್‌ವೇರ್ ಜೊತೆಗೇ ಬರುತ್ತಿತ್ತು, ಎಷ್ಟೋ ಸಲ ಕೋಡ್ ಸಮೇತ. 1969ರಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂ ಸಾಫ್ಟ್‌ವೇರ್‌ಗೆ ಬೇರೆ ಬೆಲೆ ಹಾಕುವುದಾಗಿ ಹೇಳಿತು. ಮಾರುವ ಸರಕಾದ ಮೇಲೆ ಕೋಡಿಗೆ ಬೀಗವೂ ಬಿತ್ತು. ಆ ಬೀಗ ಬೇಡ ಅಂತ 1983ರಲ್ಲಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್, ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್ ಕಟ್ಟುವ ಗ್ನೂ ಯೋಜನೆ ಸಾರಿದರು.

1998ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರ್‌ನ ಕೋಡನ್ನು ತಾನೇ ಹೊರಗಿಟ್ಟಿತು. ಮೈಕ್ರೋಸಾಫ್ಟ್ ತನ್ನ ಬ್ರೌಸರನ್ನು ಪುಕ್ಕಟೆ ಕೊಡುತ್ತಿತ್ತು, ಬೇರೆ ದಾರಿ ಕಾಣಲಿಲ್ಲ. ಹೀಗೆ ಕೋಡನ್ನು ಎಲ್ಲರಿಗೂ ತೆರೆದಿಡುವುದಕ್ಕೆ 'ಓಪನ್ ಸೋರ್ಸ್' ಎಂಬ ಹೆಸರು ಹುಟ್ಟಿದ್ದೂ ಅದೇ ವರ್ಷ. ನೆಟ್‌ಸ್ಕೇಪ್ ಉಳಿಯಲಿಲ್ಲ. ಆ ಬೇರಿನಿಂದಲೇ 2004ರಲ್ಲಿ ಫೈರ್‌ಫಾಕ್ಸ್ ಬಂತು.

ನನಗೆ ಇನ್ನೂ ಹತ್ತಿರವಾದದ್ದು ಬ್ಲೆಂಡರ್‌ನ ಕಥೆ. ಅನಿಮೇಷನ್ ಮಾಡುವವರಿಗೆಲ್ಲ ಈ ಹೆಸರು ಗೊತ್ತು. 2002ರಲ್ಲಿ ಅದನ್ನು ನಡೆಸುತ್ತಿದ್ದ ನೆದರ್‌ಲ್ಯಾಂಡ್ಸ್‌ನ ಕಂಪನಿ ಮುಚ್ಚಿತು. ಹಣ ಹಾಕಿದ್ದವರು 1 ಲಕ್ಷ ಯೂರೋ ಕೊಟ್ಟರೆ ಕೋಡ್ ಬಿಡುತ್ತೇವೆ ಎಂದರು. ಅದನ್ನು ಕಟ್ಟಿದ್ದ ಟಾನ್ ರೂಸೆಂಡಾಲ್ ಬಳಕೆದಾರರ ಮುಂದೆ ಕೈಚಾಚಿದರು. ಏಳೇ ವಾರದಲ್ಲಿ ದುಡ್ಡು ಕೂಡಿತು. ಅಕ್ಟೋಬರ್‌ನಲ್ಲಿ ಕೋಡ್ ಎಲ್ಲರದಾಯಿತು. ಸತ್ತೇಹೋಗುತ್ತಿದ್ದ ಸಾಫ್ಟ್‌ವೇರ್ ಇವತ್ತೂ ಬೆಳೆಯುತ್ತಿದೆ!

ಹಾಗಾದ್ರೆ ಕಂಪನಿ ಹೊಟ್ಟೆಗೆ ಏನು ಮಾಡಬೇಕು? ನ್ಯಾಯವಾದ ಪ್ರಶ್ನೆ. ಓಪನ್ ಸೋರ್ಸ್ ಸಾಫ್ಟ್‌ವೇರ್ ಕೊಡುವ ರೆಡ್ ಹ್ಯಾಟ್ ಕಂಪನಿ ಬೆಂಬಲ, ನಿರ್ವಹಣೆಗೆ ದುಡ್ಡು ತೆಗೆದುಕೊಂಡು ಬೆಳೆಯಿತು. ಅದನ್ನು 2019ರಲ್ಲಿ ಸುಮಾರು 3,400 ಕೋಟಿ ಡಾಲರ್‌ಗೆ ಕೊಂಡದ್ದು ಅದೇ ಐಬಿಎಂ. ನಮ್ಮ ಮುಂಬೈನ ಫ್ರಾಪೆ ಕಂಪನಿಯ, ವ್ಯಾಪಾರದ ಲೆಕ್ಕಪತ್ರ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್‌ ಸಾಫ್ಟ್‌ವೇರ್‌ನ ಕೋಡನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕ್ಲೌಡ್‌ನಲ್ಲಿ ನಡೆಸಿಕೊಡಲು ಕಂಪನಿ ಹಣ ಪಡೆಯುತ್ತದೆ.

ಎಲ್ಲರಿಗೂ ಇದು ಒಗ್ಗುವುದಿಲ್ಲ, ನಿಜ. ಮಾಹಿತಿ ಹುಡುಕುವ ಸಾಫ್ಟ್‌ವೇರ್ ಮಾಡುವ ಇಲಾಸ್ಟಿಕ್ ಕಂಪನಿಯ ಕೋಡನ್ನೇ ಇಟ್ಟುಕೊಂಡು ಅಮೆಜಾನ್ ಸೇವೆ ಮಾರಿತು. ಬೇಸತ್ತ ಇಲಾಸ್ಟಿಕ್ 2021ರಲ್ಲಿ ಲೈಸೆನ್ಸ್, ಅಂದರೆ ಕೋಡ್ ಬಳಸುವ ಷರತ್ತು ಬಿಗಿಮಾಡಿತು. ಅಮೆಜಾನ್ ಹಳೆಯ ಕೋಡಿನಿಂದಲೇ ಕವಲು ತೆಗೆದು ತನ್ನದೇ ಬೇರೆ ಸಾಫ್ಟ್‌ವೇರ್ ಬೆಳೆಸಿತು. 2024ರಲ್ಲಿ ಇಲಾಸ್ಟಿಕ್ ಮತ್ತೆ ಓಪನ್ ಸೋರ್ಸ್ ಲೈಸೆನ್ಸ್‌ಗೆ ಮರಳಿತು. ನಂಬಿ ಕೂತಿದ್ದವರಿಗೆ ಈ ಮೂರು ವರ್ಷ ಸುಮ್ನೆ ತೊಂದರೆ.

ಬರೀ ಪ್ರತಿಗಳನ್ನು ಮಾರಿ ಬದುಕುವ ಸಣ್ಣ ಕಂಪನಿಗೆ ಇವತ್ತೇ ಕೋಡ್ ಬಿಡು ಅಂತ ನಾನು ಹೇಳಲಾರೆ. ಆದರೆ ಅಂಗಡಿ, ಅಕ್ಕಿ ಗಿರಣಿ, ಶಾಲೆಗಳಿಗೆ ಮಾರುವವರು ಕರಾರಿನಲ್ಲಿ ಒಂದು ಸಾಲು ಸೇರಿಸಬಹುದು, ಅಲ್ವಾ? ಕಂಪನಿ ಮುಚ್ಚಿದರೆ ಸಾಫ್ಟ್‌ವೇರ್ ಕೊಂಡವರಿಗೆ ಅದರ ಕೋಡ್ ಸೇರಬೇಕು ಅಂತ. ಅದಕ್ಕಾಗಿ ಕೋಡಿನ ಪ್ರತಿಯನ್ನು ಮೂರನೆಯವರ ಬಳಿ ಇಡುವ ಪದ್ಧತಿ ಎಷ್ಟೋ ವರ್ಷಗಳಿಂದ ಇದೆ. ದೊಡ್ಡ ಗಿರಾಕಿಗಳು ಕೇಳಿ ಪಡೆಯುತ್ತಾರೆ. ಸಂತೆಪೇಟೆಯವರಿಗೆ ಹಾಗೆ ಕೇಳಬಹುದು ಅಂತಲೇ ಯಾರೂ ಹೇಳಿರಲಿಲ್ಲ.