ಶನಿಯ ಹೆಸರು, ಸೀಸದ ವಿಷ

ಮುಖ ಸದಾ ಗಂಟು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಇಂಥವರನ್ನು ಇಂಗ್ಲಿಷಿನಲ್ಲಿ ‘ಸ್ಯಾಟರ್ನೈನ್’ ಸ್ವಭಾವದವರು ಎನ್ನುತ್ತಾರೆ. ಪದದ ಮೂಲ ರೋಮನ್ನರ ದೇವರು ಸ್ಯಾಟರ್ನ್. ಆದರೆ ಅವನು ಬಿತ್ತನೆಯ ದೇವರು. ಡಿಸೆಂಬರ್ 17ಕ್ಕೆ ಶುರುವಾಗುತ್ತಿದ್ದ ಅವನ ಹಬ್ಬದಲ್ಲಿ ಜೂಜು, ಔತಣ ಎಲ್ಲ ಇತ್ತು, ಯಜಮಾನರೇ ಗುಲಾಮರಿಗೆ ಬಡಿಸುವುದೂ ಇತ್ತು. ಜೋಲು ಮುಖ ಬಂದದ್ದು ಅವನ ಹೆಸರಿನ ಗ್ರಹದಿಂದ.

ಪ್ರಾಚೀನರು ಗುರುತಿಸಿದ್ದ ಐದು ಗ್ರಹಗಳಲ್ಲಿ ಶನಿಯೇ ನಿಧಾನಿ, ಒಂದು ಸುತ್ತಿಗೆ ಸುಮಾರು 29.5 ವರ್ಷ. ನಮ್ಮವರೂ ಅದನ್ನೇ ಗಮನಿಸಿ ಶನೈಶ್ಚರ ಎಂದರು. ರಾಶಿಗೆ ಎರಡೂವರೆ ವರ್ಷದಂತೆ ಮೂರು ರಾಶಿ ದಾಟುವ ಲೆಕ್ಕವೇ ಸಾಡೇಸಾತಿ. ಯುರೋಪಿನ ಜ್ಯೋತಿಷಿಗಳಿಗೆ ಅದು ಶೀತ, ಶುಷ್ಕ ಗ್ರಹ, ವಿಷಾದ ತರುವ ‘ಕಪ್ಪು ಪಿತ್ತ’ದ ಒಡೆಯ. ಲೋಹಕ್ಕೊಂದು ಗ್ರಹ ಹಂಚಿದ ರಸವಾದಿಗಳು ಭಾರದ, ಮಂಕು ಬಣ್ಣದ ಸೀಸವನ್ನು ಶನಿಯ ಪಾಲಿಗೆ ಹಾಕಿದರು. ಹಾಗಾಗಿಯೇ ವೈದ್ಯಶಾಸ್ತ್ರದಲ್ಲಿ ‘ಸ್ಯಾಟರ್ನೈನ್’ ಎಂದರೆ ಸೀಸದಿಂದಾದದ್ದು.

ಆ ಸೀಸವನ್ನು ರೋಮನ್ನರು ಅಡುಗೆಮನೆಗೇ ತಂದಿದ್ದರು. ದ್ರಾಕ್ಷಿರಸವನ್ನು ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಯುವವರೆಗೆ ಕುದಿಸಿ, ಆ ಪಾಕವನ್ನು ವೈನಿಗೆ ಬೆರೆಸುತ್ತಿದ್ದರು. ಕಂಚಿನ ಪಾತ್ರೆಯಲ್ಲಿ ಕಿಲುಬು ಬಿಟ್ಟು ರುಚಿ ಕೆಡುತ್ತದೆ, ಸೀಸದ್ದೇ ವಾಸಿ ಎಂದು ಕೃಷಿ ಲೇಖಕ ಕೊಲುಮೆಲ್ಲಾ ಬರೆದಿದ್ದಾನೆ. ತೊಂದರೆ ಅಲ್ಲೇ. ತಾಮ್ರದ ಕಿಲುಬು ನಾಲಗೆಗೆ ಗೊತ್ತಾಗುತ್ತದೆ. ರಸದ ಆಮ್ಲಕ್ಕೆ ಸೀಸ ಕರಗಿ ಹುಟ್ಟುವ ಅಸಿಟೇಟ್ ಸಿಹಿ, ಯಾರಿಗೂ ಅನುಮಾನ ಬರುವುದಿಲ್ಲ. ರೋಮ್ ಸಾಮ್ರಾಜ್ಯ ಬಿದ್ದದ್ದೇ ಇದರಿಂದ ಎನ್ನುವ ಮಾತು ಮಾತ್ರ ಅತಿಯಾಯಿತು.

ಚಟ ರೋಮಿನೊಂದಿಗೆ ಮುಗಿಯಲಿಲ್ಲ. 1690ರ ದಶಕದಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಹೊಟ್ಟೆ ಹಿಂಡುವ ಕಾಯಿಲೆ ಹಬ್ಬಿದಾಗ, ವೈನ್ ಮುಟ್ಟದ ಸನ್ಯಾಸಿಗಳು ಮಾತ್ರ ಆರೋಗ್ಯವಾಗಿರುವುದನ್ನು ವೈದ್ಯ ಎಬರ್‌ಹಾರ್ಡ್ ಗೊಕೆಲ್ ಗಮನಿಸಿದ. ಹುಳಿ ವೈನನ್ನು ಸಿಹಿ ಮಾಡಲು ವ್ಯಾಪಾರಿಗಳು ಸೀಸದ ಆಕ್ಸೈಡ್ ಬೆರೆಸುತ್ತಿದ್ದರು.

ರೋಗಿಯ ಬಾಯಲ್ಲೂ ಕುರುಹು ಸಿಗಬಹುದು: ಹಲ್ಲು ಸೇರುವ ಕಡೆ ವಸಡಿನ ಅಂಚಿಗೆ ನೀಲಿಗಪ್ಪು ಗೆರೆ. ಬಾಯಿಯ ಬ್ಯಾಕ್ಟೀರಿಯಾಗಳು ಹೊರಬಿಡುವ ಗಂಧಕದ ಅನಿಲ ಸೀಸದೊಡನೆ ಸೇರಿ ಅಲ್ಲಿ ಸೀಸದ ಸಲ್ಫೈಡ್ ಕೂರುತ್ತದೆ. ಜತೆಗೆ ರಕ್ತಹೀನತೆ, ಮಲಬದ್ಧತೆ, ಮೇಲೆತ್ತಲಾಗದೆ ಜೋತುಬೀಳುವ ಮಣಿಕಟ್ಟು, ಸಿಡುಕು, ಖಿನ್ನತೆ. ಸೀಸ ಮನಸ್ಸನ್ನೂ ಕುಗ್ಗಿಸುತ್ತದೆ ಎನ್ನುವುದು ಜ್ಯೋತಿಷಿಗಳ ಲೆಕ್ಕದಲ್ಲಿ ಇರಲಿಲ್ಲ. ಎರಡು ಅರ್ಥಗಳು ಇಲ್ಲಿ ಕೂಡಿದ್ದು ಶುದ್ಧ ಕಾಕತಾಳೀಯ.

‘ಸ್ಯಾಟರ್ನೈನ್ ಗೌಟ್’ ಎಂಬ ಕೀಲುನೋವಿನ ರೋಗದ ಹೆಸರು ಈಗಲೂ ಬಳಕೆಯಲ್ಲಿದೆ. ಸೀಸ ಮೂತ್ರಪಿಂಡದ ನಾಳಗಳನ್ನು ಕೆಡಿಸಿದರೆ ಯೂರಿಕ್ ಆಮ್ಲ ಹೊರಹೋಗದೆ ರಕ್ತದಲ್ಲಿ ಏರಿ, ಕೀಲುಗಳಲ್ಲಿ ಹರಳುಗಟ್ಟುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಳ್ಳಭಟ್ಟಿ ಕುಡಿಯುವವರಲ್ಲಿ ಇಪ್ಪತ್ತನೇ ಶತಮಾನದಲ್ಲೂ ಇದು ಕಾಣಿಸಿಕೊಂಡಿತು. ಆವಿ ತಣಿಸಲು ಅವರು ಬಳಸುತ್ತಿದ್ದದ್ದು ಹಳೆಯ ಕಾರಿನ ರೇಡಿಯೇಟರ್, ಅದರ ಬೆಸುಗೆಯಲ್ಲಿ ಸೀಸ.