ರುಮಟಾಯ್ಡ್ ಸಂಧಿವಾತದಲ್ಲಿ ಸ್ನಾಯು ಸವೆತ: ತೂಕದ ಯಂತ್ರಕ್ಕೆ ಸಿಗದ ಲೆಕ್ಕ

ರುಮಟಾಯ್ಡ್ ಸಂಧಿವಾತವೆಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ಉರಿಯೂತದ ರೋಗ. ಅದರ ಗಂಟುಗಳ ಬಾವು ಮತ್ತು ಬೆಳಗಿನ ಬಿಗಿತ ಎಲ್ಲರಿಗೂ ಗೊತ್ತಿರುವುದರಿಂದ ಅವನ್ನು ಬಿಡುತ್ತೇನೆ. ಉರಿಯೂತದಲ್ಲಿ ಹೆಚ್ಚುವ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶವಾಹಕ ಪ್ರೋಟೀನ್‌ಗಳು ಸ್ನಾಯುವಿನ ಪ್ರೋಟೀನ್ ಒಡೆಯುವುದನ್ನು ಚುರುಕುಗೊಳಿಸುತ್ತವೆ. ನೋವಿನಿಂದ ಓಡಾಟವೂ ತಗ್ಗುತ್ತದೆ. ಹಾಗಿದ್ದರೆ ರೋಗಿ ಬಡಕಲಾಗಬೇಕಲ್ಲವೇ ಎಂಬಲ್ಲಿ ನಾನು ಸಿಕ್ಕಿಹಾಕಿಕೊಂಡೆ.

ಇದೇ ರೋಗವಿರುವ ಗದಗಿನ ನಮ್ಮ ದೊಡ್ಡವ್ವನ ಎತ್ತರ 150 ಸೆಂ.ಮೀ., ತೂಕ ಮೂರು ವರ್ಷದಿಂದ 50 ಕೆ.ಜಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 22.2, ಅಂದರೆ ಸಹಜ. ಆದರೂ ರೊಟ್ಟಿ ಬಡಿದು ಮಣೆಯಿಂದ ಏಳುವಾಗ ಗೋಡೆ ಹಿಡಿಯಲೇಬೇಕು. “ತೂಕ ಇಳಿದಿಲ್ಲಲ್ಲಪಾ, ಮತ್ತ ಶಕ್ತಿ ಎಲ್ಲಿ ಹೋತು?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಷ್ಟೇ: ಎರಡು ಕೆ.ಜಿ. ಸ್ನಾಯು ಹೋಗಿ ಎರಡು ಕೆ.ಜಿ. ಕೊಬ್ಬು ಸೇರಿದರೆ ತಕ್ಕಡಿಯ ಮುಳ್ಳು ಅಲುಗುವುದಿಲ್ಲ. ಇದಕ್ಕೆ ರುಮಟಾಯ್ಡ್ ಕ್ಯಾಕೆಕ್ಸಿಯಾ ಎಂಬ ಹೆಸರಿದೆ.

ಮೈಯ ಕೊಬ್ಬು, ಸ್ನಾಯು, ಎಲುಬನ್ನು ಬೇರೆಬೇರೆಯಾಗಿ ಅಳೆಯುವ ಡೆಕ್ಸಾ ಎಂಬ ಎಕ್ಸ್‌ರೇ ಸ್ಕ್ಯಾನಿನ ಲೆಕ್ಕದಲ್ಲಿ ನಾನು ಇನ್ನೊಮ್ಮೆ ಎಡವಿದೆ. 2019ರ ಏಷ್ಯನ್ ಮಾನದಂಡದಂತೆ ಸ್ನಾಯು ಸೂಚ್ಯಂಕ (ಸ್ನಾಯುವಿನ ಕೆ.ಜಿ.ಯನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) ಮಹಿಳೆಯರಲ್ಲಿ 5.4ಕ್ಕಿಂತ, ಪುರುಷರಲ್ಲಿ 7.0ಕ್ಕಿಂತ ಕಡಿಮೆಯಿದ್ದರೆ ಸ್ನಾಯು ಕಡಿಮೆಯೆಂದರ್ಥ. ಇದೇ ಎತ್ತರದ ಒಬ್ಬ ಮಹಿಳೆಯನ್ನು ಊಹಿಸಿಕೊಂಡು, ಇಡೀ ಮೈಯ ಕೊಬ್ಬುರಹಿತ ತೂಕವಾದ 29.25 ಕೆ.ಜಿ.ಯನ್ನು ಎತ್ತರದ ವರ್ಗವಾದ 2.25ರಿಂದ ಭಾಗಿಸಿದೆ, 13 ಬಂತು, ನೆಮ್ಮದಿಯೂ ಆಯಿತು! ಅದು ತಪ್ಪು. ಕೈಕಾಲುಗಳದ್ದನ್ನು ಮಾತ್ರ ಕೂಡಬೇಕು, ಮುಂಡದಲ್ಲಿರುವ ಯಕೃತ್ತು, ಕರುಳುಗಳೂ ಕೊಬ್ಬುರಹಿತ ತೂಕದಲ್ಲೇ ಸೇರಿಕೊಳ್ಳುವುದರಿಂದ. ಎರಡೂ ಕೈಗಳು 3.2, ಎರಡೂ ಕಾಲುಗಳು 8.5, ಒಟ್ಟು 11.7, ಭಾಗಿಸಿದರೆ 5.2. ನಾನು ನೆನಪಿಟ್ಟುಕೊಂಡ ಅಡ್ಡದಾರಿ: 150 ಸೆಂ.ಮೀ. ಎತ್ತರದ ಮಹಿಳೆಗೆ ಕೈಕಾಲುಗಳ ಒಟ್ಟು ಲೆಕ್ಕದ ಗಡಿ ಸುಮಾರು 12 ಕೆ.ಜಿ.

ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಔಷಧಿ ಉರಿಯೂತ ತಗ್ಗಿಸಿದರೂ, ಬಹುಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ತೊಡೆ, ಭುಜಗಳ ಸ್ನಾಯುವನ್ನು ನೋವಿಲ್ಲದೆ ಕರಗಿಸುತ್ತದೆ. ಆಗ ರಕ್ತದ ಸಿಕೆ (ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೋರುವ ಕಿಣ್ವ) ಸಾಮಾನ್ಯವಾಗಿ ಸಹಜವಾಗಿಯೇ ಇರುತ್ತದೆ. ಸಿಕೆ ಬಹಳ ಏರಿದ್ದರೆ ಸ್ನಾಯುವಿನದೇ ಉರಿಯೂತವನ್ನು ಶಂಕಿಸಬೇಕು.

ಹಿಡಿತದ ಬಲಕ್ಕೆ ಮಹಿಳೆಯರ ಗಡಿ 18 ಕೆ.ಜಿ. ಎಂದಿದ್ದರೂ, ಮಣಿಕಟ್ಟು ಬಾತಾಗ ಯಂತ್ರ ತೋರಿಸುವುದು ನೋವನ್ನೋ ಬಲವನ್ನೋ ಹೇಳಲಾಗದು. ಆದ್ದರಿಂದ ಕುರ್ಚಿಯಿಂದ ಐದು ಸಲ ಏಳುವ ಪರೀಕ್ಷೆಯೇ ನನಗೆ ಮೆಚ್ಚುಗೆ. 12 ಸೆಕೆಂಡ್ ಅಥವಾ ಹೆಚ್ಚಾದರೆ ನಿಧಾನವೆಂದರ್ಥ. ಮೊಣಕಾಲು ನೋವಿದ್ದರೆ ಇದಕ್ಕೂ ಅದೇ ತಕರಾರು. ಕೈಗಳನ್ನು ಎದೆಗೆ ಕಟ್ಟಿಕೊಂಡೇ ಏಳಬೇಕು. ದೊಡ್ಡವ್ವ 19 ಸೆಕೆಂಡ್ ತೆಗೆದುಕೊಂಡಳು, ಆದರೆ ನಾಲ್ಕನೆಯ ಸಲ ಕೈ ತಾನಾಗಿ ತೊಡೆಯ ಮೇಲೆ ಊರಿತ್ತು. ಆ ಅಳತೆಯನ್ನು ಹೊಡೆದುಹಾಕಿ ಮರುದಿನ ಮತ್ತೆ ಮಾಡಿಸಿದೆ.