ಪಿಎಚ್‌ಪಿ ಕಲಿತಿದ್ದೀನಿ ಅಂದರೆ ಸೀನಿಯರ್ ಯಾಕೆ ನಗ್ತಾರೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಮಿನಿ ಪ್ರಾಜೆಕ್ಟ್‌ಗೆ ಪಿಎಚ್‌ಪಿ ತಗೊಂಡಿದ್ದೀನಿ ಅಂದಾಗ ಸೀನಿಯರ್ ಒಬ್ಬರು ಎಲ್ಲರ ಮುಂದೆ ನಕ್ಕರು. 'ಅದು ಸತ್ತು ಹತ್ತು ವರ್ಷ ಆಯ್ತು, ರಿಯಾಕ್ಟ್ ಕಲಿ' ಅಂದರು. ಪಕ್ಕದಲ್ಲಿದ್ದ ಇನ್ನೊಬ್ಬರು ರಿಯಾಕ್ಟನ್ನೇ ಬೈದರು. ವೆಬ್ ಪ್ರೋಗ್ರಾಮಿಂಗ್ ಮಾಡುವವರು ಯಾಕೆ ಯಾವಾಗಲೂ ಹೀಗೆ ಜಗಳ ಆಡ್ತಾರೆ? ಯಾರ ಮಾತು ಕೇಳಬೇಕು?

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತಲೇ ಇರುತ್ತದೆ. ಬೈಸಿಕೊಳ್ಳುವವರ ಹೆಸರು ಮಾತ್ರ ಬೇರೆ. ಒಮ್ಮೆ ಜೇಕ್ವೆರಿ, ಒಮ್ಮೆ ಆಂಗ್ಯುಲರ್, ಈ ಸಲ ಪಿಎಚ್‌ಪಿ. ಪಿಎಚ್‌ಪಿ ಅಂದರೆ ಸರ್ವರ್‌ನಲ್ಲಿ ವೆಬ್ ಪುಟ ತಯಾರಿಸಿ ಕಳಿಸುವ ಭಾಷೆ. ಉಳಿದೆರಡೂ, ನಿಮ್ಮ ಸೀನಿಯರ್ ಹೇಳಿದ ರಿಯಾಕ್ಟೂ, ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯ ಸಲಕರಣೆಗಳು.

ನಿಮ್ಮ ಸೀನಿಯರ್ ಎಲ್ಲರೆದುರು ನಕ್ಕಿದ್ದು ಸರಿಯಲ್ಲ. ಆದರೆ ಪಿಎಚ್‌ಪಿಯಲ್ಲಿ ನಗುವಂಥದ್ದು ಏನೂ ಇಲ್ಲ ಅಂತ ನಾನು ಹೇಳಲಾರೆ. ನನ್ನದೇ ಒಂದು ಎಡವಟ್ಟು ಕೇಳಿ.

ಮೈಸೂರಿನ ಸರಸ್ವತಿಪುರಂನಲ್ಲಿ ನಾವು ಮೂರು ಜನ ಸೇರಿ ಒಂದು ಸಣ್ಣ ಆಫೀಸು ಇಟ್ಟುಕೊಂಡಿದ್ದೇವೆ. ಸೀರೆ ಅಂಗಡಿ, ಟ್ಯೂಷನ್ ಸೆಂಟರ್, ಛತ್ರ, ಇಂಥವರಿಗೆ ವೆಬ್‌ಸೈಟ್ ಮಾಡಿಕೊಡುವುದು ಕೆಲಸ. ಮಂಡ್ಯ ಕಡೆಯ ಒಂದು ಕಲ್ಯಾಣ ಮಂಟಪಕ್ಕೆ ಪಿಎಚ್‌ಪಿಯಲ್ಲಿ ಬುಕಿಂಗ್ ಫಾರಂ ಮಾಡಿಕೊಟ್ಟೆ. ಅದರಲ್ಲಿ 'ರೂಮು ಎಷ್ಟು ಬೇಕು?' ಅಂತ ಒಂದು ಜಾಗ. ತುಂಬದೆ ಮುಂದೆ ಹೋಗುವ ಹಾಗಿಲ್ಲ. ವಾರ ಕಳೆದಿರಲಿಲ್ಲ, ಯಜಮಾನರ ಫೋನು.

"ಏನ್ ಸ್ವಾಮಿ, ರೂಮ್ ಬ್ಯಾಡ ಅಂತ ಜನ ಸೊನ್ನೆ ಹಾಕುದ್ರೆ, ಏನೂ ಹಾಕಿಲ್ಲ ಅಂತದಲ್ಲ ನಿಮ್ದು?"

ನೋಡ್ತೀನಿ ಯಜಮಾನ್ರೇ ಅಂದೆ.

"ನೋಡಿ ನೋಡಿ. ಅಲ್ಲೀಗಂಟ ನಮ್ ಹುಡುಗ ಎರಡು ಸೊನ್ನೆ ಹಾಕ್ತಾವ್ನೆ. ಅದುನ್ನ ತಗತದೆ."

ತಲೆ ಚಚ್ಚಿಕೊಂಡೆ. ಪಿಎಚ್‌ಪಿಯಲ್ಲಿ 'ಎಂಪ್ಟಿ' ಅಂತ ಒಂದು ಇದೆ. ಕೊಟ್ಟಿದ್ದು ಖಾಲಿಯೋ ಅಲ್ಲವೋ ನೋಡಿ ಹೇಳುತ್ತದೆ. ಫಾರಂನಿಂದ ಬರುವುದೆಲ್ಲ ಅಕ್ಷರದ ರೂಪದಲ್ಲಿ ಬರುತ್ತದೆ. ಬರೀ ಒಂದು ಸೊನ್ನೆ ಬಂದರೆ ಎಂಪ್ಟಿ ಅದನ್ನು ಖಾಲಿ ಎನ್ನುತ್ತದೆ. ಎರಡು ಸೊನ್ನೆ ಬಂದರೆ ಖಾಲಿ ಅಲ್ಲ! ಇದು ಬಗ್ ಅಲ್ಲ, ಮ್ಯಾನುಯಲ್‌ನಲ್ಲೇ ಬರೆದಿದೆ. ನಾನು ಓದಿರಲಿಲ್ಲ, ಛತ್ರದ ಹುಡುಗ ಓದದೆಯೇ ಕಂಡುಹಿಡಿದ. ಪಿಎಚ್‌ಪಿ 8ರಲ್ಲೂ ಇದು ಹೀಗೇ ಇದೆ.

ಇಂಥದ್ದು ಹೇಗೆ ಬಂತು ಅಂದರೆ, ಪಿಎಚ್‌ಪಿ ಒಂದು ಭಾಷೆಯಾಗಬೇಕು ಅಂತ ಹುಟ್ಟಿದ್ದೇ ಅಲ್ಲ. 1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ವೆಬ್ ಪುಟಕ್ಕೆ ಅಂತ ಕೆಲವು ಸಾಮಾನು ಬರೆದುಕೊಂಡರು. ಮರುವರ್ಷ ಊರಿಗೆಲ್ಲ ಕೊಟ್ಟರು. ಜನ ಸೇರಿಸುತ್ತಾ ಹೋದರು, ಅದು ಬೆಳೆಯುತ್ತಾ ಹೋಯಿತು. ಶುರುವಿನಲ್ಲಿ ಫಂಕ್ಷನ್‌ಗಳನ್ನು, ಅಂದರೆ ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡ್ ತುಣುಕುಗಳನ್ನು, ಹುಡುಕಲು ಹೆಸರಿನಲ್ಲಿ ಎಷ್ಟು ಅಕ್ಷರ ಇದೆ ಅನ್ನುವುದನ್ನೇ ಲೆಕ್ಕಕ್ಕೆ ಇಟ್ಟುಕೊಂಡಿದ್ದರು. ಎಲ್ಲ ಹೆಸರೂ ಒಂದೇ ಉದ್ದ ಆದರೆ ಹುಡುಕುವುದು ನಿಧಾನ. ಅದಕ್ಕೇ ಕೆಲವಕ್ಕೆ ಬೇಕಂತಲೇ ಉದ್ದ ಹೆಸರು ಬಂತು ಅಂತ ಲೆರ್ಡಾರ್ಫ್ ಅವರೇ 2013ರಲ್ಲಿ ಹೇಳಿಕೊಂಡಿದ್ದಾರೆ. ಮಕ್ಕಳಿಗೆ ಹೆಸರಿಡುವಾಗ ನಕ್ಷತ್ರ ನೋಡುತ್ತಾರಲ್ಲ, ಹಾಗೆ ಇವರು ಅಕ್ಷರ ಎಣಿಸಿದರು.

2020ಕ್ಕಿಂತ ಮೊದಲು ಇನ್ನೂ ಒಂದು ತಮಾಷೆ ಇತ್ತು. ಸೊನ್ನೆಯೂ 'ಮೈಸೂರು' ಅನ್ನುವ ಪದವೂ ಒಂದೇನಾ ಅಂತ ಎರಡು ಈಕ್ವಲ್ ಹಾಕಿ ಕೇಳಿದರೆ, ಹೌದು ಅನ್ನುತ್ತಿತ್ತು. ಪದದಲ್ಲಿ ಅಂಕಿ ಇಲ್ಲದಿದ್ದರೆ ಅದನ್ನು ಸೊನ್ನೆ ಅಂದುಕೊಂಡು ಹೋಲಿಸುತ್ತಿತ್ತು ಅಷ್ಟೆ. ಪಿಎಚ್‌ಪಿ 8ರಲ್ಲಿ ಇದನ್ನು ತಿದ್ದಿದರು. ಅದಕ್ಕೂ ಮೊದಲು 2015ರ ಕೊನೆಗೆ ಬಂದ ಪಿಎಚ್‌ಪಿ 7 ಹಳೆಯದಕ್ಕಿಂತ ಹೆಚ್ಚೂಕಮ್ಮಿ ಎರಡು ಪಟ್ಟು ಚುರುಕಾಗಿತ್ತು. ಬೈದವರ ಬೈಗುಳದಿಂದಲೂ ಸ್ವಲ್ಪ ಉಪಕಾರ ಆಗಿದೆ ಅಂತ ನನ್ನ ಅನಿಸಿಕೆ.

ಸತ್ತಿದೆಯಾ ಅಂದರೆ, ಇಲ್ಲ. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ 40ರ ಆಸುಪಾಸು, ಸೈಟು ಕಟ್ಟುವ ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದ ಮೇಲೆ ನಿಂತಿವೆ, ಅದು ಪಿಎಚ್‌ಪಿ. ನೀವು ಸೆಮಿನಾರ್‌ಗೆ ಅಂತ ತೆರೆಯುವ ಕನ್ನಡ ವಿಕಿಪೀಡಿಯ ಕೂಡ ಪಿಎಚ್‌ಪಿ.

ಹಾಗಾದರೆ ಸೊನ್ನೆಯ ಎಡವಟ್ಟನ್ನು ಯಾಕೆ ಇನ್ನೂ ತೆಗೆದಿಲ್ಲ? ಜಗಳದ ಬೇರು ಇಲ್ಲಿದೆ. ವೆಬ್‌ನಲ್ಲಿ ಹಳೇ ಸಾಮಾನು ಎಸೆಯುವ ಹಾಗಿಲ್ಲ. ಎಸೆದರೆ ಎಲ್ಲೋ ಯಾರದೋ ಸೈಟು ನಿಂತುಹೋಗುತ್ತದೆ.

2018ರಲ್ಲಿ ಜಾವಾಸ್ಕ್ರಿಪ್ಟ್‌ನವರಿಗೆ ಇದು ಚೆನ್ನಾಗಿ ತಟ್ಟಿತು. ಪಟ್ಟಿಯೊಳಗೆ ಪಟ್ಟಿ ಇದ್ದರೆ ಅದನ್ನು ಬಿಡಿಸಿ ಒಂದೇ ಪಟ್ಟಿ ಮಾಡುವ ಒಂದು ಸೌಲಭ್ಯ ಸೇರಿಸಲು ಹೊರಟಿದ್ದರು. ಹೆಸರು 'ಫ್ಲಾಟನ್'. ಬ್ರೌಸರ್‌ನಲ್ಲಿ ಹಾಕಿ ನೋಡಿದರೆ ಒಂದು ಸೈಟು ಕೆಟ್ಟಿತು. ಮೂಟೂಲ್ಸ್ ಅನ್ನುವ ಹಳೇ ಲೈಬ್ರರಿ (ಯಾರು ಬೇಕಾದರೂ ಬಳಸಲಿ ಅಂತ ಬರೆದಿಟ್ಟ ಕೋಡ್) ಅದೇ ಹೆಸರನ್ನು ಮೊದಲೇ ಬಳಸಿಕೊಂಡಿತ್ತು. ಹೊಸದಾಗಿ ಯಾರೂ ಮೂಟೂಲ್ಸ್ ಹಾಕುತ್ತಿರಲಿಲ್ಲ, ಆದರೆ ಹಾಕಿ ಮರೆತವರು ಬೇಕಾದಷ್ಟು. ಹೆಸರನ್ನು 'ಸ್ಮೂಶ್' ಅಂತ ಬದಲಾಯಿಸೋಣ ಅಂತ ಒಬ್ಬರು ತಮಾಷೆಗೆ ಅಂದರು. ಅದನ್ನು ನಿಜ ಅಂದುಕೊಂಡು ಜನ ಕಿತ್ತಾಡಿದರು. ಹಳೇ ಲೈಬ್ರರಿ ಸಾಯಲಿ ಅಂತ ಒಂದು ಗುಂಪು, ಬಡಪಾಯಿ ಸೈಟಿನವನು ಏನು ಪಾಪ ಮಾಡಿದ ಅಂತ ಇನ್ನೊಂದು. ಕೊನೆಗೆ 'ಫ್ಲಾಟ್' ಅಂತ ಇಟ್ಟರು, ಹಳೇ ಸೈಟೂ ಉಳಿಯಿತು.

ನಾನು ಆ ಎರಡನೇ ಗುಂಪಿನವನು. ಹತ್ತು ವರ್ಷದ ಹಿಂದೆ ಸೈಟು ಮಾಡಿಸಿಕೊಂಡ ಅಂಗಡಿಯವರು ಈಗ ಯಾರನ್ನು ಹುಡುಕಿಕೊಂಡು ಹೋಗಬೇಕು ಹೇಳಿ.

ಎಸೆಯುವ ಹಾಗಿಲ್ಲ ಅಂದಮೇಲೆ ಸೇರಿಸುವ ಮೊದಲೇ ಜಗಳ ಆಗಬೇಕು, ಅಲ್ವಾ? 1993ರ ಫೆಬ್ರವರಿಯಲ್ಲಿ ಮಾರ್ಕ್ ಆಂಡ್ರೀಸನ್ ಪುಟದಲ್ಲಿ ಚಿತ್ರ ಹಾಕಲು 'ಐಎಂಜಿ' ಅನ್ನುವ ಟ್ಯಾಗ್, ಅಂದರೆ ಬ್ರೌಸರ್‌ಗೆ ಏನು ತೋರಿಸಬೇಕು ಅಂತ ಹೇಳುವ ಗುರುತು, ಬೇಕು ಅಂದರು. ಬರೀ ಚಿತ್ರಕ್ಕೆ ಯಾಕೆ, ಏನು ಬೇಕಾದರೂ ಹಾಕುವ ಹಾಗೆ ಮಾಡೋಣ ಅಂತ ಕೆಲವರು. ಈಗಾಗಲೇ ಇರುವ ಲಿಂಕನ್ನೇ ಬಳಸಬಹುದಲ್ಲ ಅಂತ ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ. ಎಲ್ಲರ ಮಾತಲ್ಲೂ ಅರ್ಥ ಇತ್ತು. ಅಷ್ಟರಲ್ಲಿ ಆಂಡ್ರೀಸನ್ ತಂಡ ತಮ್ಮ ಮೊಸಾಯಿಕ್ ಬ್ರೌಸರ್‌ನಲ್ಲಿ ತಮ್ಮದನ್ನೇ ಹಾಕಿ ಬಿಟ್ಟೇಬಿಟ್ಟಿತು. ನೀವು ಇವತ್ತು ಬರೆಯುವ ಟ್ಯಾಗ್ ಅದೇ.

ಯಜಮಾನ ಇಲ್ಲದ ಮನೆ ಇದು. ಈ ಟ್ಯಾಗ್‌ಗಳ ಭಾಷೆಯಾದ ಎಚ್‌ಟಿಎಂಎಲ್ ಹೇಗಿರಬೇಕು ಅಂತ ವೆಬ್‌ಗೆ ನಿಯಮ ಬರೆಯುವ ಡಬ್ಲ್ಯೂ3ಸಿ ಸಂಸ್ಥೆ ಹೇಳಬೇಕಿತ್ತು. ಅವರಿಗೆ ಶಿಸ್ತಿನ ಎಕ್ಸ್‌ಎಚ್‌ಟಿಎಂಎಲ್ ಇಷ್ಟ. ಅದರ ಕಟ್ಟುನಿಟ್ಟು ಹೇಗೆ ಅಂದರೆ, ಒಂದು ಟ್ಯಾಗ್ ಮುಚ್ಚುವುದು ಮರೆತರೂ ಪುಟದ ಬದಲು ಎರರ್ ತೋರಿಸಬೇಕು. 2004ರಲ್ಲಿ ಬ್ರೌಸರ್ ಮಾಡುವ ಮೊಜಿಲ್ಲಾ ಮತ್ತು ಒಪೇರಾದವರು, ಜನ ತಪ್ಪು ಬರೆದೇ ಬರೆಯುತ್ತಾರೆ, ಇರುವ ಎಚ್‌ಟಿಎಂಎಲನ್ನೇ ಬೆಳೆಸೋಣ ಅಂತ ಕೇಳಿದರು. ಪರ 8, ವಿರುದ್ಧ 14, ಸೋತರು. ಆ್ಯಪಲ್ ಜೊತೆ ಸೇರಿ ಹೊರಗೆ ತಮ್ಮದೇ ಗುಂಪು ಕಟ್ಟಿಕೊಂಡರು. 2009ರಲ್ಲಿ ಡಬ್ಲ್ಯೂ3ಸಿ ತನ್ನ ಎಕ್ಸ್‌ಎಚ್‌ಟಿಎಂಎಲ್ 2 ಕೈಬಿಟ್ಟಿತು. ಸೋತವರು ಕಟ್ಟಿದ್ದು ಎಚ್‌ಟಿಎಂಎಲ್ 5 ಆಗಿ 2014ರಲ್ಲಿ ಡಬ್ಲ್ಯೂ3ಸಿಯ ಮುದ್ರೆಯೊಂದಿಗೇ ಹೊರಬಂತು. ಆ ದಿನಗಳಲ್ಲಿ ಟ್ಯಾಗ್ ಮುಚ್ಚದವರನ್ನು ಸೋಮಾರಿ ಅಂತ ಬೈದವರಲ್ಲಿ ನಾನೂ ಒಬ್ಬ. ಈಗ ನೆನೆಸಿಕೊಂಡರೆ ನಾಚಿಕೆ.

ಇದು ತಲೆಗೆ ಸಂಬಂಧಿಸಿದ ಜಗಳ. ಹೊಟ್ಟೆಗೆ ಸಂಬಂಧಿಸಿದ್ದು ಬೇರೆ ಇದೆ, ಅದರ ಕಾವು ಜಾಸ್ತಿ. 2019ರ ಜೂನ್‌ನಲ್ಲಿ ವ್ಯೂ ಅನ್ನುವ ಫ್ರೇಮ್‌ವರ್ಕ್‌ನವರು (ರಿಯಾಕ್ಟ್, ಆಂಗ್ಯುಲರ್ ಹಾಗೆ ಇದೂ ಸೈಟು ಕಟ್ಟುವ ಸಲಕರಣೆ) ಕೋಡ್ ಬರೆಯಲು ಒಂದು ಹೊಸ ರೀತಿ ಮುಂದಿಟ್ಟಾಗ ಜನ ಬೆಂಕಿಯಾದರು. ಹಳೇ ರೀತಿಯೂ ಇರುತ್ತದೆ ಅಂತ ಸಮಾಧಾನ ಹೇಳಬೇಕಾಯಿತು. ಯಾಕಿಷ್ಟು ಸಿಟ್ಟು ಅಂದರೆ, ಅದಕ್ಕೆ ಮೂರು ವರ್ಷ ಮೊದಲು ಆಂಗ್ಯುಲರ್ 2 ಬಂದಿತ್ತು. ಹಳೇ ಆಂಗ್ಯುಲರ್‌ಗೂ ಅದಕ್ಕೂ ಹೊಂದಿಕೆಯೇ ಇರಲಿಲ್ಲ. ಎರಡು ಮೂರು ವರ್ಷ ನಿದ್ದೆಗೆಟ್ಟು ಕಲಿತಿದ್ದು ರಾತ್ರೋರಾತ್ರಿ ಹಳೇ ಕ್ಯಾಲೆಂಡರ್ ಆಗಿಬಿಟ್ಟರೆ ಯಾರಿಗೆ ತಾನೆ ಸಿಟ್ಟು ಬರಲ್ಲ? 'ನಿಮ್ಮ ಭಾಷೆ ಸತ್ತಿದೆ' ಅನ್ನುವವರ ಒಳಗೆ ಎಷ್ಟೋ ಸಲ 'ನನ್ನದು ಸಾಯದಿರಲಿ' ಅನ್ನುವ ಹರಕೆ ಇರುತ್ತದೆ. ಕ್ಯಾಂಪಸ್ ಇಂಟರ್‌ವ್ಯೂ ಹತ್ತಿರ ಬಂದಾಗ ಆ ಹರಕೆ ಇನ್ನೂ ಜೋರು. ನಿಮ್ಮ ಸೀನಿಯರ್‌ಗೂ ಅದೇ ಇದ್ದೀತು.

ರಿಯಾಕ್ಟ್ ಬೈದವರದ್ದೂ ಹೊಸ ಮಾತಲ್ಲ. 2013ರಲ್ಲಿ ಫೇಸ್‌ಬುಕ್ ಅದನ್ನು ಹೊರಗೆ ಬಿಟ್ಟಾಗಲೇ ಜನ ಮುಖ ಸಿಂಡರಿಸಿದ್ದರು. ಎಚ್‌ಟಿಎಂಎಲ್ ಒಂದು ಕಡೆ, ಜಾವಾಸ್ಕ್ರಿಪ್ಟ್ ಒಂದು ಕಡೆ ಇಡಬೇಕು ಅಂತ ಎಲ್ಲರಿಗೂ ಪಾಠ ಆಗಿತ್ತು. ರಿಯಾಕ್ಟ್ ಎರಡನ್ನೂ ಕಲಸಿತ್ತು. ಈಗ ಅದೇ ವಾಡಿಕೆ. ಆದರೂ ನಾಲ್ಕು ಪುಟದ ಛತ್ರದ ಸೈಟಿಗೆ ರಿಯಾಕ್ಟ್ ಹಾಕಿ, ಹಳೇ ಫೋನಿನಲ್ಲಿ ನೋಡುವವರಿಗೆ ಬಿಳೀ ಪರದೆ ತೋರಿಸುವುದು ನನಗೆ ಹಿಡಿಸಲ್ಲ.

ಇನ್ನು ಕೆಲವು ಜಗಳ ಸುಮ್ನೆ. ಮದುವೆ ಮಾತುಕತೆಯಲ್ಲಿ ನೋಡಿ. ಛತ್ರದ ಬಾಡಿಗೆ ಒಂದೂವರೆ ಲಕ್ಷ ಅಂದರೆ ಹಿರಿಯರು ಹ್ಞೂಂ ಅಂದುಬಿಡುತ್ತಾರೆ. ಪಾಯಸ ಶಾವಿಗೆದಾ ಗಸಗಸೆದಾ ಅನ್ನುವುದಕ್ಕೆ ರಾತ್ರಿ ಹನ್ನೊಂದಾಗುತ್ತದೆ. ಬಾಡಿಗೆ ಲೆಕ್ಕ ಒಬ್ಬರಿಗೆ ಗೊತ್ತು, ಪಾಯಸ ಎಲ್ಲರಿಗೂ ಗೊತ್ತು. ಇದಕ್ಕೆ ಪ್ರೋಗ್ರಾಮರ್‌ಗಳು ಬೈಕ್‌ಶೆಡ್ಡಿಂಗ್ ಅನ್ನುತ್ತಾರೆ. ಅಣುಸ್ಥಾವರಕ್ಕೆ ಚಕಾರ ಎತ್ತದೆ ಒಪ್ಪಿದ ಸಮಿತಿ ಸೈಕಲ್ ನಿಲ್ಲಿಸುವ ಶೆಡ್ಡಿಗೆ ಮುಕ್ಕಾಲು ಗಂಟೆ ಚರ್ಚೆ ಮಾಡುತ್ತದೆ ಅಂತ 1957ರಲ್ಲಿ ಪಾರ್ಕಿನ್ಸನ್ ಬರೆದಿದ್ದರು, ಹೆಸರು ಅಲ್ಲಿಂದ ಬಂತು. ಕೋಡಿನ ಸಾಲನ್ನು ಒಳಗೆ ತಳ್ಳಲು ಟ್ಯಾಬ್ ಹಾಕಬೇಕಾ ಸ್ಪೇಸ್ ಹಾಕಬೇಕಾ ಅನ್ನುವುದು ಈ ಪಾಯಸದ ಜಾತಿಯೇ. 2012ರಲ್ಲಿ ಬೂಟ್‌ಸ್ಟ್ರ್ಯಾಪ್ ಅನ್ನುವ ವೆಬ್ ವಿನ್ಯಾಸದ ಸಲಕರಣೆಯ ಕೋಡಿನಲ್ಲಿ ಬೇಕಂತಲೇ ಹಾಕದೆ ಬಿಟ್ಟ ಒಂದೇ ಒಂದು ಸೆಮಿಕೋಲನ್‌ಗೆ ದೊಡ್ಡ ರಂಪ ಆಗಿತ್ತು. ನಮ್ಮ ಆಫೀಸಿನಲ್ಲೂ ಆಗಿದೆ, ಟೀ ತಣ್ಣಗಾಗಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಯಾರ ಮಾತು ಕೇಳಬೇಕು ಅಂದಿರಿ. ನಾನು ನೋಡುವುದು ಒಂದೇ, ಅವರು ಎಲ್ಲಿ ಎಡವಿದ್ದಾರೆ ಅಂತ ಹೇಳಬಲ್ಲರಾ? 'ಪಿಎಚ್‌ಪಿ ಕಚಡಾ' ಅನ್ನುವವರಿಂದ ನಿಮಗೆ ಏನೂ ಸಿಗಲ್ಲ. 'ಎಂಪ್ಟಿ ಬಳಸಬೇಡ, ಸೊನ್ನೆ ಬಂದಾಗ ಕೈಕೊಡುತ್ತೆ, ಮೂರು ಈಕ್ವಲ್ ಹಾಕಿ ಖಾಲಿ ಪದದ ಜೊತೆ ಹೋಲಿಸು' ಅನ್ನುವವರು ಸಿಕ್ಕರೆ ಅವರು ಬೈದರೂ ಕೇಳಿಸಿಕೊಳ್ಳಿ. ಮೂರು ಈಕ್ವಲ್ ಅಂದರೆ ರೂಪ ಬದಲಿಸದೆ ಇದ್ದದ್ದನ್ನು ಇದ್ದ ಹಾಗೇ ಹೋಲಿಸುವುದು. ಛತ್ರದ ಫಾರಂ ಸರಿಹೋಗಿದ್ದು ಹಾಗೇ. ಹೇಳಿಕೊಟ್ಟವನು ನಮ್ಮ ಆಫೀಸಿಗೆ ಬಂದು ಮೂರು ತಿಂಗಳಾಗಿದ್ದ ಮದ್ದೂರಿನ ಹುಡುಗ. "ಅಣ್ಣಾ, ಇದು ನಂಗೂ ಕಾಲೇಜಲ್ಲಿ ಕೈಕೊಟ್ಟಿತ್ತು" ಅಂದ.

ನಿಮ್ಮ ಪ್ರಾಜೆಕ್ಟ್ ಪಿಎಚ್‌ಪಿಯಲ್ಲೇ ಮುಗಿಸಿ, ಪಿಎಚ್‌ಪಿ 8 ಹಾಕಿಕೊಳ್ಳಿ. ಸೀನಿಯರ್ ಮತ್ತೆ ಸಿಕ್ಕಾಗ, ನೀವು ಬಳಸಿ ನೋಡಿದ್ದು ಎಷ್ಟನೇ ವರ್ಷನ್ ಅಂತ ಒಂದು ಸಲ ಕೇಳಿ. 5.3 ಅಂದರೆ ಅದು 2009ರದ್ದು.